ಒಂದು ಮಣಿಯಷ್ಟು ಜಪ

ಉತ್ತರಪತ್ರಿಕೆಗಳ ಕಟ್ಟಿಗೆ ಅರಗಿನ ಮುದ್ರೆ ಒತ್ತುವ ಕೆಲಸ ನಮ್ಮ ಕಾಲೇಜಿನಲ್ಲಿ ಯಾರಿಗೂ ಬೇಡ. ಪರೀಕ್ಷೆ ಮುಗಿದ ಕೂಡಲೇ ಎಲ್ಲರಿಗೂ ಬಸ್ಸಿನ ಅವಸರ. ಕಟ್ಟಿಗೆ ಬಟ್ಟೆ ಸುತ್ತಿ ಹೊಲಿದು, ಮೇಣದಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದು, ಅದು ಕರಗಿ ತೊಟ್ಟಿಕ್ಕುವವರೆಗೆ ಕಾಯುವ ಭಾಗ್ಯ ಸಾಮಾನ್ಯವಾಗಿ ಅತಿಥಿ ಉಪನ್ಯಾಸಕರದು. ನಾನು ಅಂಥ ಒಬ್ಬ ಅತಿಥಿ. ವರ್ಷಕ್ಕೊಮ್ಮೆ ಕರೆಯುತ್ತಾರೆ; ಪರೀಕ್ಷೆಗಳೊಂದಿಗೆ ನಮ್ಮ ಅವಧಿ ಮುಗಿಯುತ್ತದೆ; ಮತ್ತೆ ಕರೆಯುವರೋ ಇಲ್ಲವೋ ಬೇಸಿಗೆ ಕಳೆಯುವವರೆಗೆ ಗೊತ್ತಾಗುವುದಿಲ್ಲ. ಕಳೆದ ವಾರ ಹಾಗೆ ಕಡ್ಡಿ ಹಿಡಿದು ನಿಂತಿದ್ದೆ. ಮುಂದಿನ ವರ್ಷ ನಮ್ಮ ವಿಭಾಗಕ್ಕೆ ಅತಿಥಿಗಳೇ ಬೇಡವಂತೆ ಎಂಬ ಸುದ್ದಿ ಅಂದು ಬೆಳಿಗ್ಗೆಯಷ್ಟೇ ಕಿವಿಗೆ ಬಿದ್ದಿತ್ತು.

"ಮೇಡಮ್ಮೋರೇ, ಸಾಕು ಬುಡಿ. ಸೀದೋಯ್ತಾ ಐತೆ," ಎಂದು ಅಟೆಂಡರ್ ಹೇಳಿದಾಗಲೇ ನಾನು ಕಡ್ಡಿಯನ್ನು ನೋಡಿದ್ದು. ಆದರೆ ಆ ವಾಸನೆ ಅಷ್ಟರಲ್ಲಿ ನನ್ನನ್ನು ಚನ್ನಪಟ್ಟಣಕ್ಕೆ, ಅರುಳಮ್ಮ ಚಿಕ್ಕಮ್ಮನ ಮರ ಕಡೆಯುವ ಲೇತಿನ ಪಕ್ಕಕ್ಕೆ ಕರೆದುಕೊಂಡು ಹೋಗಿಬಿಟ್ಟಿತ್ತು.

ಅರುಳಮ್ಮ ನನ್ನ ತಾಯಿಯ ತಂಗಿ. ಕೋಡಿಹಳ್ಳಿಯ ಆಚೆಗಿನ ನಮ್ಮೂರಿನಲ್ಲಿ ಕಾಲೇಜಿರಲಿಲ್ಲವಾದ್ದರಿಂದ ಪಿಯುಸಿ ಓದಲು ನನ್ನನ್ನು ಅವಳ ಮನೆಯಲ್ಲಿ ಬಿಟ್ಟಿದ್ದರು. ನಮ್ಮ ಹೆಸರುಗಳನ್ನು ಕೇಳಿದವರು ನಾವು ಕ್ರೈಸ್ತರೆಂದರೆ ನಂಬುವುದಿಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು, "ಹಾಗಾದ್ರೆ ಮನೇಲಿ ಇಂಗ್ಲಿಷ್ ಮಾತಾಡ್ತೀರಾ?" ಎಂದು ಕೇಳಿದ್ದಳು. ನಮ್ಮ ಕಡೆ ತಲೆತಲಾಂತರದಿಂದ ಕ್ರೈಸ್ತರಾದವರ ಮನೆಗಳಲ್ಲಿ ಗಂಡಸರು ರಾಯಪ್ಪ, ಇನ್ನಾಸಪ್ಪ, ಚೌರಪ್ಪ. ಮನೆಯ ಮುಂದೆ ಎಮ್ಮೆ, ಹಿಂದೆ ಹಿಪ್ಪುನೇರಳೆ. ಕ್ರಿಸ್ಮಸ್ಸಿಗೆ ಕೇಕು ಬಂದದ್ದು ಮೊನ್ನೆ ಮೊನ್ನೆ, ಅದಕ್ಕೆ ಮೊದಲೆಲ್ಲ ಕಜ್ಜಾಯ. ಇದನ್ನೆಲ್ಲ ನಾನು ಅವಳಿಗೆ ಹೇಳಲಿಲ್ಲ. "ಇಲ್ಲ" ಎಂದಷ್ಟೇ ಅಂದೆ. ಹೇಳಬೇಕಾದಲ್ಲಿ ಹೇಳದೆ, ಆಮೇಲೆ ಒಬ್ಬಳೇ ಇರುವಾಗ ಪೂರ್ಣ ಉತ್ತರವನ್ನು ರಚಿಸುವುದು ನನ್ನ ಹಳೆಯ ರೋಗ. ನೀವು ಈಗ ಓದುತ್ತಿರುವುದೂ ಅದರ ಒಂದು ಲಕ್ಷಣ.

ಚಿಕ್ಕಪ್ಪ ಚೌರಪ್ಪ ರೇಷ್ಮೆ ನೂಲಿನ ಕಾರ್ಖಾನೆಯೊಂದರಲ್ಲಿದ್ದ. ನಾನು ಅವರ ಮನೆ ಸೇರುವ ಹೊತ್ತಿಗೆ ಅದು ಮುಚ್ಚಿತ್ತು. ಬಿಡದಿಯ ಕಡೆ ಹೊಸ ಫ್ಯಾಕ್ಟರಿಗಳು ಏಳುತ್ತಿದ್ದವು, ಹೆದ್ದಾರಿ ಅಗಲವಾಗುತ್ತಿತ್ತು, ನಮ್ಮ ಬೀದಿಯ ಹುಡುಗಿಯರು ಬೆಳಕು ಹರಿಯುವ ಮುಂಚೆ ಗಾರ್ಮೆಂಟ್ಸಿನ ವ್ಯಾನು ಹತ್ತುತ್ತಿದ್ದರು. ಈ ಸೀಮೆಗೆಲ್ಲ ಕೆಲಸ ಬಂತು ಎಂದು ಜನ ಹೇಳುತ್ತಿದ್ದ ಅದೇ ದಿನಗಳಲ್ಲಿ ಚಿಕ್ಕಪ್ಪ ಕೆಲಸವಿಲ್ಲದೆ ಜಗಲಿಯ ಮೇಲೆ ಕೂತಿದ್ದ; ಹೊಸ ಫ್ಯಾಕ್ಟರಿಗಳಿಗೆ ಎಳೆಯರು ಬೇಕಿತ್ತು. ಬಹಳ ದಿನಗಳ ಮೇಲೆ ಗುತ್ತಿಗೆಯವನೊಬ್ಬ ಅವನನ್ನು ಒಂದು ಗೇಟು ಕಾಯಲು ತೆಗೆದುಕೊಂಡ. ವಾರವಾರಕ್ಕೂ ಪಾಳಿ ಬದಲು. ಯಾವ ದಿನ ಬೇಡವೆನ್ನುವನೋ ತಿಳಿಯದು. ಮನೆ ನಿಂತಿದ್ದುದು ಚಿಕ್ಕಮ್ಮನ ಲೇತಿನ ಮೇಲೆ.

ರಹಮತ್ ಸಾಹೇಬರ ಬೊಂಬೆ ಕಾರ್ಖಾನೆ ನಮ್ಮ ಬೀದಿಯ ತುದಿಯಲ್ಲಿತ್ತು. ಕಾರ್ಖಾನೆ ಎಂದರೆ ಹೆಂಚಿನ ಒಂದು ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಲೇತುಗಳು, ನೆಲದ ತುಂಬ ಹಾಲೆಮರದ ಬಿಳಿ ಹೊಟ್ಟು. ಚಿಕ್ಕಮ್ಮ ಅಲ್ಲಿ ಬೊಂಬೆ ಮಾಡುತ್ತಿರಲಿಲ್ಲ, ಮಣಿ ಮಾಡುತ್ತಿದ್ದಳು. ತಿರುಗುವ ಮರದ ಕಡ್ಡಿಯ ತುದಿಯನ್ನು ಉಳಿಯಿಂದ ಗುಂಡಗೆ ಮಾಡಿ, ಅದಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಆಮೇಲೆ ಕತ್ತರಿಸಿದರೆ ಮಣಿ ಬುಟ್ಟಿಗೆ. ಅರಗನ್ನು ಸ್ವಲ್ಪವೇ ಹೊತ್ತು ಹಿಡಿದರೆ ಮರ ಬಿಳಿಚಿಕೊಂಡು ಕಾಣುತ್ತದೆ. ಹೆಚ್ಚು ಹಿಡಿದರೆ ಸೀದು ಕಪ್ಪಾಗುತ್ತದೆ.

ಎಷ್ಟು ಹೊತ್ತು ಹಿಡಿಯಬೇಕೆಂಬುದಕ್ಕೆ ಪ್ರತಿಯೊಬ್ಬರದೂ ಒಂದೊಂದು ಅಳತೆ. ಪಕ್ಕದ ಲೇತಿನ ನಸೀಮಾ ಬಣ್ಣದ ಮೇಲೆ ಕಣ್ಣಿಡುತ್ತಿದ್ದಳು. ಚಿಕ್ಕಮ್ಮ ಜಪ ಹೇಳುತ್ತಿದ್ದಳು. ಮಣಿ ಎಣಿಸುತ್ತ ಹೇಳುವ ನಮ್ಮ ಜಪಸರವನ್ನು ಅರಿಯದವರಿಗೆ ಇಷ್ಟು ಹೇಳಿದರೆ ಸಾಕು: ಮಾತೆ ಮರಿಯಳ ಜಪದಲ್ಲಿ ಎರಡು ಭಾಗ. "ನಮೋ ಮರಿಯಾ" ಎಂದು ಶುರುವಾಗುವುದು ಸ್ತುತಿ; "ಸಂತ ಮರಿಯಾ" ಎಂದು ಶುರುವಾಗುವುದು ಮೊರೆ. ಚಿಕ್ಕಮ್ಮ ಸ್ತುತಿ ಮುಗಿಯುವವರೆಗೆ ಅರಗು ಹಿಡಿಯುತ್ತಿದ್ದಳು, ಮೊರೆ ಮುಗಿಯುವವರೆಗೆ ಗರಿ. ಆಮೆನ್ ಎಂದಾಗ ಮಣಿ ಬುಟ್ಟಿಗೆ ಬೀಳುತ್ತಿತ್ತು. ಜಪಸರದಲ್ಲೂ ಮಣಿಗೊಂದು ಜಪವೇ. ಆದರೆ ಅಲ್ಲಿ ಮಣಿ ಮೊದಲೇ ಇರುತ್ತದೆ.

ಬೆಳಗಿನ ಬುಟ್ಟಿಯ ಜಪ ಚಿಕ್ಕಪ್ಪನ ಕೆಲಸಕ್ಕೆ, ಊಟದ ನಂತರದ್ದು ನನ್ನ ಓದಿಗೆ, ಸಂಜೆಯದು ತೀರಿಕೊಂಡವರಿಗೆ. ಮಣಿಗಳೇನೋ ದೂರದೇಶಗಳ ಪರದೆಗಳಿಗೋ ಗಿಲಕಿಗಳಿಗೋ ಹೋಗುತ್ತಿದ್ದವು. ನನ್ನ ಲೆಕ್ಕಶಾಸ್ತ್ರದ ಅಂಕಗಳಿಗಾಗಿ ಮಾಡಿದ ಪ್ರಾರ್ಥನೆಯನ್ನು ಯಾವುದೋ ಊರಿನ ಕೂಸು ಗಿಲಗಿಲ ಆಡಿಸುತ್ತಿರಬಹುದೆಂದು ನೆನೆದು ನಾನು ನಗುತ್ತಿದ್ದೆ. ಮನೆಯಲ್ಲಿ ಚಿಕ್ಕಮ್ಮ ಕೂತು ಪ್ರಾರ್ಥಿಸಿದ್ದನ್ನು ನೋಡಿದ್ದು ಕಡಿಮೆ. ನಲ್ಲಿಯಲ್ಲಿ ನೀರು ಬರುವ ಹೊತ್ತು, ಚಿಕ್ಕಪ್ಪನ ಪಾಳಿಯ ಬುತ್ತಿ, ಸೌದೆ, ಬಟ್ಟೆ. "ದೇವ್ರಿಗೆ ಗೊತ್ತು ನಾನು ಎಲ್ಲಿ ಸಿಕ್ತೀನಿ ಅಂತ," ಅನ್ನುತ್ತಿದ್ದಳು.

ಚಿಕ್ಕಪ್ಪನಿಗೆ ಇದೆಲ್ಲ ತಮಾಷೆ. "ಲೇ ಅರುಳಿ, ಕೇಳೋವಾಗ ಒಸಿ ಪರ್ಮನೆಂಟು ಅಂತಾನೂ ಸೇರ್ಸಿ ಕೇಳೇ. ನೀನು ಬರೀ ಕೆಲ್ಸ ಕೊಡಪ್ಪಾ ಅಂದೆ, ಆ ಯಪ್ಪ ಗುತ್ತಿಗೆಗೆ ಹಾಕ್ಬುಟ್ಟ."

"ಬಾಯ್ ಮುಚ್ಕೊಂಡು ಉಣ್ಣು."

"ಬಾಯ್ ಮುಚ್ಕೊಂಡು ಹೆಂಗೆ ಉಣ್ಲೆ?"

ನಾನು ಎರಡನೆಯ ಪಿಯುಸಿಯಲ್ಲಿದ್ದಾಗ ಸಾಹೇಬರಿಗೆ ಹೊರದೇಶದ ದೊಡ್ಡ ಆರ್ಡರು ಬಂತು. ಪ್ಲಾಸ್ಟಿಕ್ ಆಟಿಕೆಗಳ ಹೊಡೆತಕ್ಕೆ ಬೀದಿಯ ಎಷ್ಟೋ ಮಂದಿ ಲೇತು ಮಾರಿಕೊಂಡಿದ್ದ ಕಾಲ ಅದು. ಸಾಹೇಬರು ಆ ಆರ್ಡರನ್ನು ನಂಬಿ, ಒಂದೇ ಮೋಟಾರಿನ ಬೆಲ್ಟಿಗೆ ತಿರುಗುತ್ತಿದ್ದ ಹಳೆಯ ಲೇತುಗಳನ್ನು ತೆಗೆಸಿ, ಒಂದೊಂದಕ್ಕೂ ಬೇರೆ ಬೇರೆ ಮೋಟಾರಿರುವ ಹೊಸವನ್ನು ತಂದರು. ಅವುಗಳ ವೇಗವೇ ಬೇರೆ. ಅರಗು ತಾಗಿದ್ದೇ ತಡ, ಬೆಣ್ಣೆಯಂತೆ ಹರಿಯುತ್ತಿತ್ತು.

ಚಿಕ್ಕಮ್ಮನ ಜಪ ಮಾತ್ರ ಹಳೆಯ ವೇಗದಲ್ಲೇ ಇತ್ತು. ಅವಳ ಕೈಗೆ ಬಾಯಿಯ ಮಾತು ಕೇಳಿ ಅಭ್ಯಾಸ. ಸ್ತುತಿ ಮುಗಿಯದೆ ಅದು ಅರಗನ್ನು ಬಿಡುತ್ತಿರಲಿಲ್ಲ. ಮೊದಲ ದಿನ ಸಂಜೆ ಸಾಹೇಬರು ಅವಳ ಬುಟ್ಟಿಯಿಂದ ಒಂದು ಹಿಡಿ ತೆಗೆದು ಬಾಗಿಲ ಬೆಳಕಿಗೆ ಹಿಡಿದರಂತೆ.

"ಅರುಳಮ್ಮಾ, ಇದು ಕೆಂಪು ಮಣೀನಾ, ನೇರಳೆ ಹಣ್ಣಾ?"

"ಒಸಿ ಸೀದೈತೆ, ಸಾಹೇಬ್ರೇ."

"ಒಸಿ ಅಂತಾರೆ ನೋಡು ನಸೀಮಾ. ಬುಟ್ಟಿಗೆ ಬುಟ್ಟಿ ಹೋಗೈತೆ."

ಮರುದಿನ ಅವಳು ಜಪವನ್ನೇ ಬೇಗ ಬೇಗ ಹೇಳಿ ನೋಡಿದಳು. ಮಣಿ ಸರಿಬಂತು, ಅವಳಿಗೆ ಸರಿಬರಲಿಲ್ಲ. "ಕಂಡಕ್ಟ್ರು ರಾಮನಗರ ಬಿಡದಿ ಕೆಂಗೇರಿ ಅಂತ ಕೂಗ್ದಂಗೆ ಆಯ್ತದೆ ಕಣವ್ವ," ಎಂದಳು. ಮತ್ತೆ ನಿಧಾನಕ್ಕೆ ಹೇಳಿದಳು. ಮತ್ತೆ ಬುಟ್ಟಿ ಕಪ್ಪಾಯಿತು. ಸಾಹೇಬರು ಗದರುವವರಲ್ಲ. ಲೇತಿನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು ಹೇಳಿದರಂತೆ: "ನಿಮ್ ಮೇಲೆ ಕೋಪ ಇಲ್ಲ. ಆದ್ರೆ ಅವ್ರು ಮಾಲು ವಾಪಸ್ ಕಳ್ಸಿದ್ರೆ ನಾವೆಲ್ಲಾ ಮನೇಗೆ. ಈ ವಾರ ನೋಡ್ತೀನಿ. ಆಗ್ಲಿಲ್ಲಾಂದ್ರೆ ಪ್ಯಾಕಿಂಗಿಗೆ ಹೋಗ್ಬಿಡಿ, ಅಮ್ಮಾ."

ಪ್ಯಾಕಿಂಗ್ ಎಂದರೆ ಕೂಲಿ ಅರ್ಧ. ಹಾಗಾದರೆ ನನ್ನ ಓದು ಆ ವರ್ಷಕ್ಕೆ ಮುಗಿಯುತ್ತಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಚಿಕ್ಕಮ್ಮ ಜಪ ಬಿಟ್ಟು, ಬಾಯಿ ಮುಚ್ಚಿ ಕೆಲಸಕ್ಕೆ ಕೂತಳು. ನಸೀಮಾಳಂತೆ ಬಣ್ಣ ನೋಡಿ ಅರಗು ತೆಗೆಯುವುದನ್ನು ಕಲಿತಳು. ಮಣಿಗಳು ಕೆಂಪಗೆ, ಒಂದೇ ಸಮನಾಗಿ ಬಂದವು. ಸಾಹೇಬರು ತಲೆಯಾಡಿಸಿದರು.

ಮನೆಯಲ್ಲಿ ಅವಳ ಸದ್ದು ಅಡಗಿತು. ಪಾಳಿ ಮುಗಿಸಿ ಬಂದ ಚಿಕ್ಕಪ್ಪ ನನ್ನನ್ನು ಹಿತ್ತಲಿಗೆ ಕರೆದು ಕೇಳಿದ: "ನಿಮ್ ಚಿಕ್ಕಮ್ಮಂಗೆ ಹುಷಾರಿಲ್ವಾ ಮಗಾ? ಏನಂದ್ರೂ ಬೈತಾನೇ ಇಲ್ಲ."

ಅಂದು ಸಂಜೆ ಅವಳು ಮೊರದಲ್ಲಿ ಹುರುಳಿ ಹಸನು ಮಾಡುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಪುಸ್ತಕ ಹಿಡಿದಿದ್ದೆ. ಮೊರದಿಂದ ತಲೆಯೆತ್ತದೆ ಹೇಳಿದಳು: "ಬೆಳಗಿಂದ ಸಂಜೆಗಂಟ ಮಣಿ ಮಾಡ್ದೆ. ಯಾರ್ಗೋಸ್ಕರಾನೂ ಏನೂ ಕೇಳ್ಲಿಲ್ಲ."

ನಾನು ಪುಸ್ತಕ ಮಡಿಸಿಟ್ಟೆ. ಮೊರದಿಂದ ಕಲ್ಲು ಆರಿಸಿದೆ.

ಶನಿವಾರ ಅವಳು ಚರ್ಚಿಗೆ, ಪಾಪನಿವೇದನೆಗೆಂದು ಹೋದಳು. ಅಲ್ಲಿ ನಡೆದದ್ದನ್ನು ಯಾರೂ ಕೇಳುವಂತಿಲ್ಲ. ಅವಳೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಜಪ ಪೂರ್ತಿ ಮಾಡಲಾಗುತ್ತಿಲ್ಲ, ಮಣಿ ಮೊದಲೇ ಮುಗಿಯುತ್ತದೆ ಎಂದಳಂತೆ. ಆ ಚರ್ಚಿಗೆ ಹೊಸದಾಗಿ ಬಂದಿದ್ದ ಸ್ವಾಮಿಗಳು ಜಪಸರ ತುಂಡಾಗಿದೆ ಎಂದು ತಿಳಿದು, ಹೊಸದು ಕೊಡಿಸುತ್ತೇನೆ ಎಂದರಂತೆ. ಲೇತಿನ ವಿಷಯವನ್ನೆಲ್ಲ ಬಿಡಿಸಿ ಹೇಳಿದ ಮೇಲೆ, "ದೇವರಿಗೆ ಮೋಟಾರಿನ ವೇಗ ಗೊತ್ತಿದೆಯಮ್ಮ," ಅಂದು, ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಹೇಳಲು ತಿಳಿಸಿದರಂತೆ. "ಹೇಳಕ್ಕಾಯ್ತಿಲ್ಲ ಅಂತ ಹೋದ್ರೆ, ಇನ್ನೂ ಮೂರು ಕೊಟ್ಟು ಕಳಿಸವ್ರೆ," ಎಂದು ಚಿಕ್ಕಮ್ಮ ನಕ್ಕಳು. ಆ ವಾರ ಅವಳು ನಕ್ಕದ್ದು ಅದೊಂದೇ ಸಲ.

ಮುಂದಿನ ವಾರ ಕಾಲೇಜಿಗೆ ರಜೆಯಿತ್ತು. ಬುತ್ತಿ ಮರೆತು ಹೋಗಿದ್ದಳೆಂದು ನಾನು ಕಾರ್ಖಾನೆಗೆ ಒಯ್ದೆ. ಮೋಟಾರುಗಳ ಸದ್ದಿಗೆ ನಾನು ಬಂದದ್ದು ಅವಳಿಗೆ ಕೇಳಿಸಲಿಲ್ಲ. ಅವಳ ತುಟಿಗಳು ಆಡುತ್ತಿದ್ದವು. ಮತ್ತೆ ಸೀಯುತ್ತದೆಂದು ನನಗೆ ಹೆದರಿಕೆಯಾಯಿತು. ಅರಗು ಒತ್ತಿದಳು, ಕೆಂಪು ತುಂಬಿತು, ತಟ್ಟನೆ ತೆಗೆದಳು. ಗರಿ ಹಿಡಿದಳು, ಮಣಿ ಕತ್ತರಿಸಿದಳು. ತುಟಿಗಳು ಮಾತ್ರ ನಿಲ್ಲಲಿಲ್ಲ. ಮುಂದಿನ ಮಣಿಗೆ ಉಳಿ ತಾಗುವಾಗ ಅವಳು ಇನ್ನೂ ಹಿಂದಿನ ಜಪದ ನಡುವಿನಲ್ಲೇ ಇದ್ದಳು. ಆಮೆನ್ ಎಲ್ಲೋ ಅರಗಿನ ನಡುವೆ ಬಂತು. ಅದರ ಬೆನ್ನಿಗೇ ಹೊಸ ಜಪ. ಕೈ ತನ್ನ ಪಾಡಿಗೆ, ಬಾಯಿ ತನ್ನ ಪಾಡಿಗೆ.

ನಸೀಮಾ ನನ್ನನ್ನು ನೋಡಿ ಕಣ್ಣು ಹೊಡೆದಳು. ಅವಳು ದಿನಾ ಬೆಳಿಗ್ಗೆ ಸ್ವಿಚ್ಚು ಒತ್ತುವ ಮುಂಚೆ ಒಂದೇ ಒಂದು ಬಾರಿ ಬಿಸ್ಮಿಲ್ಲಾ ಎಂದು ಕೆಲಸಕ್ಕೆ ಕೂರುವವಳು. ಇಷ್ಟುದ್ದದ ಜಪ ಅವಳಿಗೆ ಮೊದಲಿನಿಂದಲೂ ಸೋಜಿಗ.

"ನೋಡೇ, ನಿಮ್ ಚಿಕ್ಕಮ್ಮ ಹೋದ ಮಣೀದು ಬಾಕಿ ಈ ಮಣಿಗೆ ಹಾಕ್ತಾ ಇದಾರೆ," ಎಂದಳು. ಆಮೇಲೆ ದನಿಯೇರಿಸಿ, "ಆಂಟೀ, ಹಿಂಗಾದ್ರೆ ಯಾವ ಮಣಿಗೆ ಯಾವ ಜಪ ಅಂತ ಹೆಂಗೆ ಗೊತ್ತಾಗ್ತದೆ?"

ಚಿಕ್ಕಮ್ಮ ಲೇತಿನಿಂದ ಕಣ್ಣು ತೆಗೆಯಲಿಲ್ಲ. "ಮಣಿಗಲ್ಲ ಕಣೆ ನಾನು ಹೇಳ್ತಿರೋದು," ಎಂದಳು.

ಅಷ್ಟೇ. ಆಮೇಲೆ ಬುತ್ತಿ ಕಂಡು, ಉಪ್ಪಿನಕಾಯಿ ತಂದಿಲ್ಲವೆಂದು ನನ್ನನ್ನು ಬೈದಳು. ಅದನ್ನು ಕೇಳಿಸಿಕೊಂಡು ನನಗೆ ಆದ ಸಮಾಧಾನ ಇಷ್ಟಿಷ್ಟಲ್ಲ.

ಎಲ್ಲವನ್ನೂ ಒಪ್ಪವಾಗಿ ಮಡಿಸಿಡುವ ಹೆಂಗಸು ಅವಳು. ಮಣಿಯೊಂದಿಗೆ ಮುಗಿಯದ ಜಪವನ್ನು ಹೇಳುತ್ತ ಹೋಗುವುದು ಅವಳಿಗೆ ಎಷ್ಟು ಕಷ್ಟವಾಗಿರಬೇಕೆಂದು ನಾನು ಬಲ್ಲೆ. ನಾನೂ ಅದೇ ಜಾಯಮಾನದವಳು. ಅವಳು ಅದನ್ನು ಒಂದು ದಿನದಲ್ಲಿ ಕಲಿಯಲಿಲ್ಲ. ಕೆಲವು ಮಣಿ ಸೀದವು, ಕೆಲವು ಜಪ ದಾರಿ ತಪ್ಪಿದವು. ಆದರೆ ಲೋಡು ಹೋಯಿತು, ವಾಪಸು ಬರಲಿಲ್ಲ, ಅವಳು ಪ್ಯಾಕಿಂಗಿಗೆ ಹೋಗಲಿಲ್ಲ, ನಾನು ಓದಿದೆ. ಇದನ್ನು ಗೆಲುವೆಂದು ಹೇಳಲು ನನಗೆ ಧೈರ್ಯವಿಲ್ಲ. ಚಿಕ್ಕಪ್ಪನ ಗುತ್ತಿಗೆದಾರರು ಬದಲಾಗುತ್ತಲೇ ಇದ್ದಾರೆ, ಅವನು ಇನ್ನೂ ಪರ್ಮನೆಂಟ್ ಆಗಿಲ್ಲ. ಆರ್ಡರುಗಳು ಒಂದು ವರ್ಷ ಬಂದರೆ ಮರುವರ್ಷ ಇಲ್ಲ. ಸಾಹೇಬರ ಕೋಣೆಯಲ್ಲಿ ಈಗ ಕೆಲವೇ ಲೇತುಗಳಿವೆ. ಅವುಗಳಲ್ಲಿ ಒಂದು ಅವಳದು.

ಮೊನ್ನೆ ಭಾನುವಾರ ಚನ್ನಪಟ್ಟಣಕ್ಕೆ ಹೋದೆ. ಚರ್ಚಿನ ಪೂಜೆ ಮುಗಿಸಿ ಬಂದು ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಮುಂದಿನ ವರ್ಷ ನನಗೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ ಎಂದೆ. ನನ್ನ ಮಟ್ಟಿಗೆ ಇದು ದೀರ್ಘ ಭಾಷಣ. ಅವಳು ಸೌಟು ಹಿಡಿದೇ ತಿರುಗಿದಳು.

"ನಾಳೆ ಪರೀಕ್ಷೆ ಐತಾ?"

"ಇದೆ."

"ನೀನೇ ನಿಲ್ಬೇಕಾ?"

"ಹೂಂ."

"ಅಂಗಾರೆ ಉಂಡು, ಬೆಳಕಿದ್ದಂಗೇ ಹೊರಡು," ಎಂದಳು.

ಸೋಮವಾರ ಪರೀಕ್ಷಾ ಕೊಠಡಿಯಲ್ಲಿ ಫ್ಯಾನು ತಿರುಗುತ್ತಿತ್ತು, ಪೆನ್ನುಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಪ್ರಾರ್ಥನೆ ಬಿಟ್ಟು ವರ್ಷಗಳಾಗಿದ್ದವು. ಜಗಳವಾಡಿ ಬಿಟ್ಟದ್ದಲ್ಲ, ಮನಸ್ಸು ನಿಂತಾಗ, ಹೊತ್ತು ಸಿಕ್ಕಾಗ, ಸರಿಯಾಗಿ ಮಾಡೋಣವೆಂದು ಮುಂದೂಡುತ್ತಲೇ ಬಂದದ್ದು. ಅಂದು ಕಿಟಕಿಯ ಪಕ್ಕ ನಿಂತವಳು ಮನಸ್ಸಿನಲ್ಲೇ ಶುರು ಮಾಡಿದೆ. ಯಾರಿಗಾಗಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸ್ತುತಿ ಮುಗಿದು ಮೊರೆಯ ಮೊದಲ ಮಾತಿಗೆ ಬರುವಷ್ಟರಲ್ಲಿ ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಅಡಿಷನಲ್ ಶೀಟು."

ಹೋಗಿ ಕೊಟ್ಟೆ. ಸಂಖ್ಯೆ ಬರೆಸಿದೆ, ಸಹಿ ಹಾಕಿದೆ, ಅವಳ ಉತ್ತರಪತ್ರಿಕೆಯ ದಾರದ ಗಂಟು ಸಡಿಲವಿತ್ತು, ಬಿಗಿದು ಕಟ್ಟಿದೆ. ಕಿಟಕಿಗೆ ಮರಳುವವರೆಗೆ ಕಾಯಲಿಲ್ಲ. ಬೆಂಚುಗಳ ನಡುವೆ ನಡೆಯುತ್ತಲೇ, ಬಿಟ್ಟ ಮಾತಿನಿಂದ ಮುಂದುವರಿಸಿದೆ.