ಇಂದಿರಮ್ಮನವರ ಕಬ್ಬಿಣದ ಫ್ಯಾನ್

ದೆವ್ವ, ಮಾಟ, ಗಾಳಿ ಸೋಕಿದ್ದು ಅಂತ ಯಾರಾದರೂ ಶುರುಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಂದಿರಮ್ಮನವರ ಎದುರಿಗೂ ಹಾಗೇ ಹೇಳಿದ್ದೆ. "ಉರ್ಕೊಳ್ಳಪ್ಪ ಭರತೇಶ, ಅದಕ್ಕೇ ಅಲ್ವಾ ಫ್ಯಾನ್ ಇರೋದು" ಅಂದಿದ್ದರು.

ಅವರು ತಿಪಟೂರಿನವರು. ಮಗಳು ಅನಸೂಯಾ ವಿಜಯವಾಡದ ಒನ್ ಟೌನ್ ಬಡಾವಣೆಯ ಶಾಖೆಯಲ್ಲಿ ನನ್ನ ಜೊತೆ ಬ್ಯಾಂಕ್ ಅಧಿಕಾರಿ. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವರು ದಮ್ಮಿನ ಕಾಯಿಲೆಯನ್ನೂ ಜೊತೆಗೇ ತಂದರು. ತರಕಾರಿಯವಳ ಹತ್ತಿರ ಜಗಳ ಆಡುವಷ್ಟು ತೆಲುಗು ಕಲಿತರು. ಬೈಯುವಾಗಲೂ ಕೊನೆಗೊಂದು "ಅಂಡಿ" ಸೇರಿಸಿ ಮರ್ಯಾದೆ ಕೊಡುತ್ತಿದ್ದರು.

ಇಲ್ಲಿನ ನಮ್ಮ ಬ್ಯಾಂಕಿನ ಕನ್ನಡದವರಲ್ಲಿ ಒಂದು ಪದ್ಧತಿ ಇದೆ. ಯಾವ ಕಾಲದಲ್ಲೋ ಯಾರೋ ಕೊಂಡ ಕಪ್ಪು ಕಬ್ಬಿಣದ ಟೇಬಲ್ ಫ್ಯಾನ್ ಒಂದಿದೆ. ವರ್ಗವಾಗಿ ಹೊರಟವರು ಅದನ್ನು ಹೊಸದಾಗಿ ಬಂದ ಕನ್ನಡದವರ ಮನೆಗೆ ಮುಟ್ಟಿಸಬೇಕು, ಊರಿಗೆ ಒಯ್ಯುವಂತಿಲ್ಲ. ಎತ್ತಲು ಇಬ್ಬರು ಬೇಕು. ಅದನ್ನು ರಿಪೇರಿಗೆ ಕೊಟ್ಟ ನೆನಪು ಯಾರಿಗೂ ಇಲ್ಲ. ಕರೆಂಟ್ ಹೋದಮೇಲೂ ಒಂದಿಷ್ಟು ಹೊತ್ತು ತಿರುಗುತ್ತಿತ್ತು. ರೆಕ್ಕೆ ಭಾರ, ಅದಕ್ಕೇ ಅಂತ ನಾನೇ ಎಲ್ಲರಿಗೂ ವಿವರಿಸುತ್ತಿದ್ದೆ.

ಇಂದಿರಮ್ಮನವರ ಮಂಚದೆದುರು ಅದು ಬಿಡುವಿಲ್ಲದೆ ತಿರುಗುತ್ತಿತ್ತು. ಅವರಿಗೆ ದಮ್ಮು ಜಾಸ್ತಿಯಾದಾಗ ಫ್ಯಾನೂ ಏದುಸಿರು ಬಿಟ್ಟಂತೆ ಸದ್ದು ಮಾಡುವುದನ್ನು ಒಂದು ಮಧ್ಯಾಹ್ನ ಗಮನಿಸಿದೆ. ಅವರು ಸುಧಾರಿಸಿಕೊಂಡರು, ಅದೂ ಸುಧಾರಿಸಿತು. ವೋಲ್ಟೇಜ್ ಏರುಪೇರು ಅಂದುಕೊಂಡು ಎದ್ದು ಬಂದೆ.

ಈ ವರ್ಷ ಅನಸೂಯಾಗೆ ತಿಪಟೂರಿಗೇ ವರ್ಗವಾಯಿತು. ಅಮ್ಮನಿಗೆ ಪ್ರಯಾಣ ಬೇಡ, ದಾರಿಯಲ್ಲೇ ಏನಾದರೂ ಆದೀತು ಅಂದರು ಡಾಕ್ಟರು. ಇಂದಿರಮ್ಮ ಕೇಳಬೇಕಲ್ಲ.

"ಸಾಯೋದಾದ್ರೆ ನಮ್ಮನೇಲಿ ಸಾಯ್ತೀನಿ. ಅಲ್ಲಿಗೆ ಮುಟ್ಟಿದ್ರೆ ಸಾಕು ಕಣೆ."

ಫ್ಯಾನನ್ನೂ ಒಯ್ಯೋಣ ಎಂದ ಮಗಳಿಗೆ ಚೆನ್ನಾಗಿ ಬೈದರು. "ಅದು ಹೊಸ ಹುಡುಗಿಗೆ ಸೇರಬೇಕಾದ್ದು. ಪದ್ಧತಿ ಮುರಿಯೋಕೆ ನಾವ್ಯಾರು?"

ಹೊಸ ಹುಡುಗಿ ಅಂದರೆ ಶ್ರೀರಕ್ಷಾ, ಉಡುಪಿಯಿಂದ ಬಂದ ಕ್ಲರ್ಕ್. ರೈಲಿನ ದಿನ ಸಂಜೆ ಅವಳೂ ನಾನೂ ಫ್ಯಾನ್ ತರಲು ಹೋದೆವು. ನಾನೇ ಪ್ಲಗ್ ಕಿತ್ತೆ. ಫ್ಯಾನ್ ನಿಲ್ಲಲಿಲ್ಲ. ಕಾಫಿ ಕುಡಿದು ಕಾದೆವು, ಆಗಲೂ ನಿಲ್ಲಲಿಲ್ಲ. ವೈರು ನನ್ನ ಕೈಯಲ್ಲಿ ಜೋತಾಡುತ್ತಿತ್ತು, ಗಾಳಿ ಮುಖಕ್ಕೆ ಹೊಡೆಯುತ್ತಲೇ ಇತ್ತು. ಸುಳ್ಳೇಕೆ ಹೇಳಲಿ, ಹೆದರಿಕೆಯಾಯಿತು.

"ಹಾಗೇ ಎತ್ಕೊಂಡು ಹೋಗ್ರಪ್ಪ" ಅಂದರು ಇಂದಿರಮ್ಮ. "ಕೈ ಅಡ್ಡ ಇಡಬೇಡಿ. ಅದು ನಿಲ್ಲೋದ್ರೊಳಗೆ ನಾನು ಮನೆ ಸೇರ್ಕೋಬೇಕು."

ತಿರುಗುತ್ತಿದ್ದ ಫ್ಯಾನನ್ನು ಇಬ್ಬರೂ ಹಿಡಿದು ಆಟೋ ಹತ್ತಿದೆವು. ಆಟೋದ ಬಾಬ್ಜಿ ತಿರುಗಿ ನೋಡಿ, "ಬ್ಯಾಟರೀದಾ ಸಾರ್?" ಅಂದ. ಹೂಂ ಅಂದೆ.

ಮರುದಿನ ಮಧ್ಯಾಹ್ನ ಶ್ರೀರಕ್ಷಾ ಗಾಬರಿಯಾಗಿ ಕರೆಸಿಕೊಂಡಳು. ಪ್ಲಗ್ಗಿಲ್ಲದೆ ನೆಲದ ಮೇಲಿದ್ದ ಫ್ಯಾನ್ ಇನ್ನೂ ತಿರುಗುತ್ತಿತ್ತು. ನಿಧಾನವಾಗಿತ್ತು, ಏದುಸಿರಿನ ಸದ್ದು ಮಾತ್ರ ಕೋಣೆಯ ತುಂಬ. ಅಷ್ಟರಲ್ಲಿ ಅನಸೂಯಾ ಫೋನ್ ಮಾಡಿದಳು.

"ಮನೆ ಸೇರಿದ್ವಿ ಭರತೇಶ್. ಅಮ್ಮ ತುಂಬಾ ಸಂಕಟ ಪಡ್ತಿದಾರೆ. ನಿಮ್ಮ ಹತ್ರಾನೇ ಮಾತಾಡ್ಬೇಕಂತೆ."

ಅದೇ ಏದುಸಿರು ಫೋನಿನಲ್ಲೂ ಕೇಳಿಸಿತು.

"ನಮ್ಮ ನಡುಮನೇಲಿ ಮಲಗಿದೀನಪ್ಪ. ಆಯ್ತು, ಸಾಕು. ಇನ್ನು ಅದನ್ನ ನಿಲ್ಲಿಸ್ಬಿಡು."

ಜಾಲರಿಯ ಸಂದಿಗೆ ಬೆರಳು ಒಯ್ದೆ. ರೆಕ್ಕೆಗಳು ಒಂದೊಂದಾಗಿ ಕಾಣುತ್ತಿದ್ದವು, ಸುಮ್ಮನೆ ಮುಟ್ಟಿದ್ದರೂ ನಿಲ್ಲುತ್ತಿತ್ತು. ನನ್ನಿಂದ ಆಗಲಿಲ್ಲ.

"ಬೇಗ, ಕಂದಾ" ಅಂದರು ಇಂದಿರಮ್ಮ.