ಅಪ್ಪ ಘಟಸರ್ಪ ಆದ ವರ್ಷ

ನಮ್ಮಪ್ಪ ಅಂಬಾರಾಯ ಠಾಣೆ ಶಹರದಾಗ ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿಗಳಾಗ ಇಪ್ಪತ್ತೈದು ವರ್ಷ ಹಮಾಲಿ ಮಾಡಿದ. ಆ ಇಪ್ಪತ್ತೈದು ವರ್ಷದಾಗ ಅವಗ ಯಾರೂ ಒಂದು ದಿನ ಚಪ್ಪಾಳಿ ಹೊಡದಿದ್ದಿಲ್ಲ. ಒಂದೇ ಒಂದು ಮಧ್ಯಾಹ್ನ ಮುನ್ನೂರು ಮಂದಿ ಎದ್ದು ನಿಂತು ಹೊಡದ್ರು, ಅದೂ ಅಂವ ಸೈತಾನ ಆಗಿದ್ದಕ್ಕ. ಆ ಮಧ್ಯಾಹ್ನದ ಕತಿ ನಾ ಹೇಳ್ತೀನಿ. ಬ್ಯಾರೆಯವರು ಹೇಳಿದ್ರ ಅರ್ಧ ನಂಬ್ರಿ, ಚಂದ್ರಬಾಯಿ ಹೇಳಿದ್ರ ಅದೂ ನಂಬಬ್ಯಾಡ್ರಿ. ನಾ ಅವನ ಮಗಳು ಪದ್ಮಾವತಿ. ಅಂವ ಮ್ಯಾಲಿಂದ ಬಿದ್ದದ್ದು ನನ್ನ ಮ್ಯಾಲೇ.

ಅದು ತೊಂಬತ್ತೊಂಬತ್ತನೇ ಇಸವಿ. ಇನ್ನೇನು ಎರಡು ಸಾವಿರ ಬರ್ತದ, ಕಂಪ್ಯೂಟರ್ ಎಲ್ಲಾ ಬಂದ್ ಬೀಳ್ತಾವ, ಲೋಕಲ್ ಟ್ರೇನ್ ನಿಂತಲ್ಲೇ ನಿಲ್ತಾವ ಅಂತ ಊರೆಲ್ಲಾ ಮಾತು. ಕಿಸನ್ ನಗರದ ನಮ್ಮ ಕನ್ನಡ ಕ್ರೈಸ್ತ ಸಭೆದಾಗಂತೂ ಕೇಳಬ್ಯಾಡ್ರಿ. ಕಡೆಯ ಕಾಲ ಬಂದೇ ಬಿಟ್ಟದ ಅಂತ ಎಲ್ಲರ ಮೈಯಾಗ ಕರೆಂಟ್ ಹೊಕ್ಕಿತ್ತು. ಶುಕ್ರವಾರ ಹೆಂಗಸರು ಯುದ್ಧದ ಪ್ರಾರ್ಥನೆಗಿ ಕೂಡ್ತಿದ್ರು, ಚಂದ್ರಬಾಯಿ ಅದಕ್ಕ ಮುಂದಾಳು. ಅಕಿ ಮೊದಲು ನಾವಿರೋ ಸಾಲುಮನಿ ಚಾಳಿನ ನಳದಾಗಿನ ಸೈತಾನನ್ನ ಕಟ್ಟಿ ಹಾಕ್ತಿದ್ಲು, ಆಮ್ಯಾಲೆ ಗಂಡಸರ ಬಾಟ್ಲಿಯಾಗಿನವನ್ನ, ಆಮ್ಯಾಲೆ ಮಕ್ಕಳ ಪರೀಕ್ಷಾದಾಗಿನವನ್ನ. ನಾನೂ ಗಂಟಲು ಹರಿಯೋ ತನಕ ಒದರ್ತಿದ್ದೆ. ಖರೆ ಹೇಳ್ತೀನಿ, ನನಗ ಭಾಳ ಹುರುಪು ಬರ್ತಿತ್ತು.

ಆದ್ರ ನಮ್ಮ ಮನ್ಯಾಗಿನ ಯುದ್ಧ ಬ್ಯಾರೆನೇ ಇತ್ತು. ಅಪ್ಪ ಮತ್ತ ನನ್ನ ತಮ್ಮ ಅನಿಲಕುಮಾರ ಎಂಟು ತಿಂಗಳಿಂದ ಮಾತಾಡಿದ್ದಿಲ್ಲ. ಜಗಳ ಹತ್ತಿದ್ದು ಒಂದು ಹಿತ್ತಾಳಿ ಬಿಲ್ಲಾದ ಸಲುವಾಗಿ. ಹಮಾಲರ ಟೋಳಿದಾಗ ಒಬ್ಬೊಬ್ಬರಿಗಿ ನಂಬರ್ ಇರೋ ಬಿಲ್ಲಾ ಇರ್ತದ, ಅಪ್ಪ ಬಿಟ್ರ ಮಗ ಆ ಜಾಗಾಕ್ಕ ಬರ್ತಾನ. ಏಪ್ರಿಲ್ ತಿಂಗಳದಾಗ ಅಪ್ಪ ಬಿಲ್ಲಾ ಬಿಚ್ಚಿ ಅನಿಲನ ತಾಟಿನ ಬಾಜೂ ಇಟ್ಟ. ಅನಿಲ ನೌಪಾಡಾದಾಗ ಫ್ರಿಜ್ ರಿಪೇರಿ ಕಲೀಲಾಕ ಹತ್ತಿದ್ದ. ಇಲ್ಲೇ ಹುಟ್ಟಿದಂವ, ಕನ್ನಡ ತಿಳೀತದ, ಜವಾಬು ಹಿಂದಿದಾಗ. "ಮುಝಸೇ ನಹೀಂ ಹೋಗಾ ಅಪ್ಪಾ," ಅಂದು ಬಿಲ್ಲಾ ಸರಿಸಿದ. ಅಪ್ಪ ಎಲ್ಲರ ಮುಂದ ಅಂದ, "ನಿನ್ನ ಕೈಲೆ ಹ್ಯಾಂಗ ಆಗ್ತದ. ಒಂದು ಚೀಲ ಎತ್ತಲಾರದ ಗಂಡಸು ನೀ." ಮುಗೀತು. ಮರುದಿನ ಅಪ್ಪ ತಾನೇ ಬಿಲ್ಲಾ ಹಾಕಿಕೊಂಡು ಕೆಲಸಕ್ಕ ಹೋದ. ಅವತ್ತಿನಿಂದ ಹತ್ತು ಬೈ ಹತ್ತು ಖೋಲ್ಯಾಗ ಇಬ್ಬರೂ ಒಬ್ಬರ ಮೈ ಒಬ್ಬರಿಗಿ ಹತ್ತೋ ಹಂಗ ಮಲಗ್ತಿದ್ರು, ಮಾತು ಮಾತ್ರ ಇಲ್ಲ. ನಡುವ ನಮ್ಮವ್ವ ಗುರಮ್ಮ ಸೊರಗಿ ಹೋದ್ಲು. "ಅವಗ ಹೇಳು ಉಪ್ಪು ಕೊಡು ಅಂತ," ಅಂತ ಅಪ್ಪ. "ಉನಕೋ ಬೋಲೋ ಸಾಮನೇ ಹೈ," ಮುಂದೇ ಅದ ಅಂತ ಅನಿಲ. ಇದನ್ನ ದಿನಾ ಕೇಳಿ ನನಗ ಇಬ್ಬರ ತಲಿನೂ ಕೂಡಿಸಿ ಗೋಡಿಗಿ ಬಡೀಬೇಕು ಅನಸ್ತಿತ್ತು.

ನವೆಂಬರದಾಗ ವಿಠಲ ಪಾಸ್ಟರ್ ಒಂದು ಸುದ್ದಿ ತಂದ್ರು. ಅವರು ವಾರದಾಗ ಆರು ದಿನ ಲೇಥ್ ಮಶೀನ್ ಮ್ಯಾಲೆ ಇರ್ತಿದ್ರು, ಏಳನೇ ದಿನ ನಮ್ಮ ಸಭಾಪಾಲಕರು. ಕ್ರಿಸ್ಮಸ್ಸಿನ ಹಿಂದಿನ ಐತವಾರ ಸಾಲಿ ಹಾಲಿನ್ಯಾಗ ಸತ್ಯವೇದದಾಗಿನ ಕಡೆಯ ಕಾಲದ ಪ್ರವಾದನೆ ಆಡಿ ತೋರಸೋಣು, ಕಲ್ಯಾಣ, ಡೊಂಬಿವಲಿ, ಕಾಮೋಠೆ ಎಲ್ಲಾ ಕಡೆ ಕನ್ನಡದವರನ್ನ ಕರೆಯೋಣು ಅಂದ್ರು. ಕತಿ ಹೇಳಿದ್ರು. ಆಕಾಶದಾಗ ಸೂರ್ಯನನ್ನ ಉಟ್ಟ ಒಬ್ಬಾಕಿ ಹೆಂಗಸು, ಅಕಿಗಿ ಗಂಡು ಕೂಸು ಹುಟ್ಟೋ ಹೊತ್ತು. ಕೂಸನ್ನ ನುಂಗ್ಲಾಕ ಬಾಯಿ ತೆರೆದು ನಿಂತ ಕೆಂಪು ಘಟಸರ್ಪ, ಏಳು ತಲಿ, ಹತ್ತು ಕೊಂಬು. ಮೀಕಾಯೇಲ ಅನ್ನೋ ದೇವದೂತ ಯುದ್ಧ ಮಾಡಿ ಅದನ್ನ ಭೂಮಿಗಿ ದೊಬ್ಬತಾನ. ಅದು ಅಲ್ಲಿಂದ ಎದ್ದು ಹೆಂಗಸಿನ ಬೆನ್ನು ಹತ್ತಿ ಬಾಯಿಂದ ಹೊಳಿನೇ ಉಗುಳತದ, ಆಗ ಭೂಮಿ ಬಾಯಿ ತೆರೆದು ಆ ನೀರು ಕುಡಿದು ಅಕಿನ್ನ ಉಳಸ್ತದ. "ಹೆಂಗಸು ಅಂದ್ರ ದೇವರ ಜನ. ಘಟಸರ್ಪ ಅಂದ್ರ ಸೈತಾನ. ತಲಿ ಅಂದ್ರ ರಾಜ್ಯ, ಕೊಂಬು ಅಂದ್ರ ರಾಜರು," ಅಂತ ಪಾಸ್ಟರ್ ಬಿಡಿಸಿ ಹೇಳಿದ್ರು.

ಆಗ ಹಿಂದ ಚಪ್ಪಲಿ ಬಿಡೋ ಜಾಗಾದಿಂದ ಒಂದು ಧ್ವನಿ ಬಂತು. "ರಾಜರು ಖರೆ ಪಾಸ್ಟರ್ರಿ. ಆದ್ರ ಹಚ್ಚೋದು ಹ್ಯಾಂಗ? ಏಳು ತಲಿಗಿ ಹತ್ತು ಕೊಂಬು, ಹಂಚಿದ್ರ ಸಮಾ ಬರಂಗಿಲ್ಲ."

ಅಪ್ಪ. ಇಪ್ಪತ್ತೈದು ವರ್ಷ ಅಂವ ಅಲ್ಲೇ ಕೂಡ್ತಿದ್ದ. ಊರಾಗ, ಚಿತಾಪುರದ ಕಡೆ, ಹರೇದಾಗ ದೊಡ್ಡಾಟದಾಗ ರಾಕ್ಷಸನ ವೇಷ ಹಾಕ್ತಿದ್ದ. ಕ್ರೈಸ್ತರ ಮನಿ ಹುಡುಗ ರಾಕ್ಷಸ ಆಗಿ ಕುಣೀತಾನ ಅಂತ ಆ ಊರಿನ ಸಭೆಯವರು ಅವನ್ನ ಹೊರಗ ಇಟ್ಟಿದ್ರು. ಅದರ ಸಿಟ್ಟಿಗಿ ಠಾಣೆಗಿ ಬಂದ, ಬಂದ ಮ್ಯಾಲೂ ಒಳಗ ಬಂದು ಕೂಡಲಿಲ್ಲ. ಈಗ ಕೊಂಬಿನ ಲೆಕ್ಕಕ್ಕ ಎದ್ದು ನಿಂತಾನ. ಮಂದಿ ಮೂರು ತಲಿಗಿ ಎರಡೆರಡು ಅಂದ್ರು, ಯಾವ ಮೂರಕ್ಕ ಅಂತ ಮತ್ತ ಜಗಳ. ಅಪ್ಪ ಅಂದ, "ಆರು ತಲಿ ಥರ್ಮೊಕೋಲದ್ದು, ಅವಕ್ಕ ಒಂದೊಂದು. ನಡುವಿಂದು ಜೀವ ಇರೋ ತಲಿ, ಅದಕ್ಕ ನಾಕು. ಆ ತಲಿ ನಂದು." ಪಾಸ್ಟರ್ ಒಂದು ಗಳಿಗಿ ಅವನ ಮಾರಿ ನೋಡಿ, "ಆತು ಅಂಬಾರಾಯ, ನೀನೇ ಆಗು," ಅಂದ್ರು. ಅಪ್ಪ ಅವತ್ತು ಮನಿತನಕ ನನಗಿಂತ ಹತ್ತು ಹೆಜ್ಜಿ ಮುಂದ ನಡದ.

ನನ್ನ ತಲ್ಯಾಗ ಹುಳ ಹೊಕ್ಕಿತು. ಮರುದಿನ ಪಾಸ್ಟರ್ ಮನಿಗಿ ಹೋಗಿ, "ಮೀಕಾಯೇಲ ನಮ್ಮ ಅನಿಲ ಆಗ್ಲಿ," ಅಂದೆ. ಆಟದಾಗಾದ್ರೂ ಇಬ್ಬರೂ ಮಾರಿಗಿ ಮಾರಿ ಕೊಟ್ಟು ಮಾತಾಡಲೇಬೇಕಲ್ಲ. ಅವ್ವಗ ಹೇಳಿದ್ರ ಅಕಿ ಹೆದರಿದ್ಲು. "ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಂಗ ನಡಸವ್ವ," ಅಂದ್ಲು. ಅನಿಲ ಮೊದಲು ಒಲ್ಲೆ ಅಂದ. ನಾ ಅವನ ಬೆನ್ನ ಮ್ಯಾಲೆ ಎರಡು ಗುದ್ದಿ ಒಪ್ಪಿಸಿದೆ. ಸೂರ್ಯ ಉಟ್ಟಾಕಿ ಚಂದ್ರಬಾಯಿ, ಅಕಿನ್ನ ಬಿಟ್ಟು ಬ್ಯಾರೆಯವರಿಗಿ ಕೊಡೋ ಧೈರ್ಯ ಯಾರಿಗದ. ಎಲ್ಲಾ ಹಂಚಿದ ಮ್ಯಾಲೆ ಭೂಮಿ ಉಳೀತು. ಅದು ನನಗ ಬಂತು.

ಒಂದು ತಿಂಗಳು ನಮ್ಮ ಚಾಳು ಚಾಳಾಗಿ ಉಳೀಲಿಲ್ಲ. ಅವ್ವ ಕೆಂಪು ಅರಿವಿ ಹೊಲದ್ಲು, ಬಾಲ ಮೂರು ಮೀಟರ್. ಫ್ಯಾಕ್ಟರಿ ಹಿಂದ ಒಗದ ಥರ್ಮೊಕೋಲ್ ಆಯ್ದು ತಂದು ಅಪ್ಪ ತಾನೇ ತಲಿ ಕೆತ್ತಿದ. ಅನಿಲನ ಮಾತುಗಳನ್ನ ನಾ ನಾಗರಿ ಅಕ್ಷರದಾಗ ಬರದು ಕೊಟ್ಟೆ, ಅವಗ ಕನ್ನಡ ಓದಲಾಕ ಬರಂಗಿಲ್ಲಲ್ಲ. ಆದ್ರ ತಾಲೀಮಿನ್ಯಾಗೂ ಇಬ್ಬರ ಹಟ ಅದೇ. "ಆ ಮೀಕಾಯೇಲಗ ಹೇಳ್ರಿ, ಕತ್ತಿ ಹೆಣ್ಣುಮಕ್ಕಳು ಸೌಟು ಹಿಡದಂಗ ಹಿಡದಾನ ಅಂತ," ಅಂತಿದ್ದ ಅಪ್ಪ ಪಾಸ್ಟರಿಗಿ. ಅನಿಲ ಕತ್ತಿ ಸಣ್ಣದದ ಅಂದ್ರ, "ಕುಣೀಲಾಕ ಬರಲಾರದಂವ ನೆಲ ಡೊಂಕು ಅಂದನಂತ," ಅಂತ ಗೋಡಿಗಿ ಹೇಳ್ತಿದ್ದ.

ಅದಕ್ಕಿಂತ ದೊಡ್ಡ ತೊಂದ್ರಿ ಬೀಳೋದು. ದೊಡ್ಡಾಟದಾಗ ರಾಕ್ಷಸ ಸುಮ್ನ ಬೀಳಂಗಿಲ್ಲ. ಎದುರಿನಂವ ಮೂರು ಸುತ್ತು ಕುಣಿದು, ಏಟಿಗಿ ಏಟು ಕೊಟ್ಟು, ಇವನ ಸಮಾ ಅನಿಸಿಕೊಂಡ ಮ್ಯಾಲೇ ಬೀಳ್ತಾನ. ಅಪ್ಪ ಆ ಕಾಯಿದೆ ಬಿಡಲಿಲ್ಲ. "ಅಂವ ಕೆಡವಿದ್ರ ಬೀಳ್ತೀನಿ. ನಾ ತಾನಾಗಿ ಬೀಳಂಗಿಲ್ಲ," ಅಂದ. ಚಂದ್ರಬಾಯಿಗಿ ನಿದ್ದಿ ಹಾರಿತು. "ಮುನ್ನೂರು ಮಂದಿ ಮುಂದ ಸೈತಾನ ಬೀಳಲಿಲ್ಲಂದ್ರ ನಾಳೆ ಯಾವ ಮಾರಿ ಹೊತ್ತು ಪ್ರಾರ್ಥನಾ ಮಾಡಬೇಕು ನಾವು?" ಅಂತ ಮನಿಮನಿಗಿ ಹೋಗಿ ಅತ್ಲು. ನನ್ನ ಚಿಂತಿ ಬ್ಯಾರೆ. ಅಷ್ಟು ಮಂದಿ ಮುಂದ ಅಪ್ಪ ಅನಿಲನ್ನ ಸೋಲಿಸಿ ನಿಲ್ಲಿಸಿದ್ರ, ನನ್ನ ತಮ್ಮ ಅವತ್ತೇ ಮನಿ ಬಿಟ್ಟು ಹೋಗ್ತಾನ ಅಂತ ನನಗ ಖಾತ್ರಿ ಇತ್ತು.

ಐತವಾರ ಬಂತು. ಸಾಲಿ ಹಾಲ್ ತುಂಬಿ ಕಿಟಕಿಗೂ ಮಂದಿ. ಬೆಂಚು ಕೂಡಿಸಿ ಬಿಳೀ ಚಾದರ ಹಾಸಿ ಸ್ವರ್ಗ ಮಾಡಿದ್ರು. ಕೆಳಗ ಕಂದು ಕಂಬಳಿ ಹೊದ್ದು ನಾನು, ಭೂಮಿ. ಕಂಬಳಿ ತೂತಿನ್ಯಾಗಿಂದ ಎಲ್ಲಾ ಕಾಣ್ತಿತ್ತು. ಇಬ್ಬರು ಹುಡುಗರು ಪರದೆ ಹಿಡದ್ರು, ಅದರ ಹಿಂದ ಅಪ್ಪ ಮೂರು ಸಲ ಗರ್ಜಿಸಿದ. ಮೈಕು ಬೇಕಾಗಲಿಲ್ಲ. ಕಾಮೋಠೆದಿಂದ ಬಂದ ಗೌಂಡಿ ಕೆಲಸದವರ ಕೂಸುಗಳು ಒಮ್ಮೆಲೇ ಅಳ್ಲಾಕ ಹತ್ತಿದ್ವು. ಪರದೆ ಸರೀತು, ಏಳು ತಲಿ ಅಲುಗಾಡಿಸ್ತ ಅಪ್ಪ ಹಾರಿ ಬಂದ. ಐವತ್ತೆರಡು ವರ್ಷದ ಹಮಾಲ ಅಲ್ಲ ಅಂವ ಅವಾಗ. ಕಲ್ಯಾಣದ ಮುದುಕರು "ಭಲೇ" ಅಂತ ಮುಂದ ಸರದು ಕೂತ್ರು. ಚಂದ್ರಬಾಯಿ ಗೊಂಬಿ ಕೂಸನ್ನ ಎದಿಗಿ ಅವಚಿಕೊಂಡು ಖರೇನೇ ಹೆದರಿ, ಆಟದಾಗ ಇಲ್ಲದ ಮಾತು ಒದರಿದ್ಲು. "ಸೈತಾನ, ನಿನ್ನ ಕಟ್ಟಿ ಹಾಕ್ತೀನಿ." ಅಪ್ಪ ನಿಂತು ಕೇಳಿದ, "ಹಗ್ಗ ಎಲ್ಲದ ತಾಯಿ?" ಹಾಲೆಲ್ಲಾ ನಕ್ಕಿತು. ನನಗ ಅಪ್ಪನ ಮ್ಯಾಲೆ ಅಷ್ಟು ಅಭಿಮಾನ ಎಂದೂ ಬಂದಿದ್ದಿಲ್ಲ.

ಅನಿಲ ಬಂದ, ಬಿಳೀ ಅಂಗಿ, ಬೆಳ್ಳಿ ಕಾಗದ ಸುತ್ತಿದ ರಟ್ಟಿನ ಕತ್ತಿ. ಬಂದಂವ ಹಂಗೇ ನಿಂತ. ಅಂಗೈಯಾಗಿನ ಚೀಟಿ ಬೆವರಿಗಿ ತೊಯ್ದು ಹೋಗಿತ್ತು. ಆಗ ಅಪ್ಪ ಒಂದು ಸುತ್ತು ಕುಣಿದು, ದೊಡ್ಡಾಟದಾಗ ಹೊಸಬರನ್ನ ಕೇಳೋ ಹಂಗ ಕೇಳಿದ. "ಎಲೈ ತರುಣನೇ, ನೀನಾರು? ನಿನ್ನ ನಾಮಾಂಕಿತವೇನು?" ಎಂಟು ತಿಂಗಳ ಮ್ಯಾಲೆ ಅಂವ ಮಗನಿಗಿ ನೇರ ಆಡಿದ ಮೊದಲ ಮಾತು ಅದು. ಅನಿಲ ಕತ್ತಿ ಎತ್ತಿ ಅಂದ, "ನಾ ಮೀಕಾಯೇಲ. ನೀ ಇಳಿ ಕೆಳಗ." ಚೀಟ್ಯಾಗ ಅದಿದ್ದಿಲ್ಲ. ಮಂದಿ ಕೇಕಿ ಹಾಕಿದ್ರು.

ಅನಿಲ ಹೊಡದ. ಕತ್ತಿ ಬಾಗಿತು, ಅಪ್ಪ ನಕ್ಕ. ಮತ್ತ ಹೊಡದ, ಅಪ್ಪ ಮತ್ತ ನಕ್ಕ. ಪಾಸ್ಟರ್ ಮೈಕಿನ್ಯಾಗ "ಘಟಸರ್ಪವು ದೊಬ್ಬಲ್ಪಟ್ಟಿತು" ಅಂತ ಮೂರು ಸಲ ಓದಿದ್ರು, ಘಟಸರ್ಪ ನಿಂತೇ ಇತ್ತು. ನಾ ಕಂಬಳಿ ಒಳಗ ಹಲ್ಲು ಕಡೀತಿದ್ದೆ. ಬೀಳು ಅಪ್ಪ, ನಿನ್ನ ಕಾಲಿಗಿ ಬೀಳ್ತೀನಿ, ಬೀಳು. ಆಗ ಅನಿಲ ಕತ್ತಿ ಬಿಸಾಕಿದ. ತಲಿ ತಗ್ಗಿಸಿ ಬಂದು ಅಪ್ಪನ ನಡುವಿಗಿ ಹೆಗಲು ಕೊಟ್ಟು, ಲಾರಿಗಿ ಮಾಲು ಏರಸೋ ಹಂಗ ನೂಕಿದ. ಅಪ್ಪ ಸ್ವರ್ಗದಿಂದ ಬಿದ್ದ. ಅಂವ ತಾನಾಗಿ ಬಿದ್ದನೋ, ಅನಿಲ ಕೆಡವಿದನೋ, ಇವತ್ತಿಗೂ ನಮ್ಮ ಮನ್ಯಾಗ ವಾದ ಅದ.

ಮುನ್ನೂರು ಮಂದಿ ಎದ್ದು ನಿಂತ್ರು. ಚಪ್ಪಾಳಿ, ಸೀಟಿ, ಸ್ತೋತ್ರ ಸ್ತೋತ್ರ ಅಂತ ಕೂಗು. ಈಗ ಘಟಸರ್ಪ ಏಳಬೇಕು, ಚಂದ್ರಬಾಯಿ ಬೆನ್ನು ಹತ್ತಬೇಕು. ಅಪ್ಪ ಏಳಲಿಲ್ಲ. ಮಂದಿ ಅದೂ ಆಟನೇ ಅಂತ ಇನ್ನಾ ಜೋರು ಹೊಡದ್ರು. ನನ್ನ ಹೊಟ್ಟಿ ಮ್ಯಾಲೆ ಅವನ ತಲಿ, ಕೈ ಎರಡೂ ಎಡಗಾಲ ಮೊಳಕಾಲ ಮ್ಯಾಲೆ. "ಅಪ್ಪ, ಏನಾತು?" ಅಂದೆ. "ಸುಮ್ನಿರು. ಭೂಮಿ ಮಾತಾಡಬಾರದು," ಅಂದ.

ಅನಿಲ ಸ್ವರ್ಗದಿಂದ ಕೆಳಗ ಹಾರಿದ. "ಲಗಾ ಕ್ಯಾ? ಮೈಂನೇ ಜೋರ್ ಸೇ ಮಾರಾ ಕ್ಯಾ?" ಅಂತ, ತನ್ನ ನೂಕಿಗೇ ಪೆಟ್ಟಾತೇನೋ ಅಂತ ಮಾರಿ ಬೆಳ್ಳಗ ಮಾಡಿಕೊಂಡು ಕೇಳಿದ. ಅಪ್ಪ ತಲಿ ಅಲುಗಾಡಿಸಿದ. "ನೀ ಮಾಡಿದ್ದಲ್ಲ. ಈ ಮೊಳಕಾಲ ಹೋಗಿ ಒಂದು ವರ್ಷ ಆತು. ಟೋಳಿಯವರಿಗಿ ಗೊತ್ತಾದ್ರ ಬಿಲ್ಲಾ ಕಸಗೊಳ್ತಿದ್ರು."

ಒಂದು ವರ್ಷ. ಅಂದ್ರ ಏಪ್ರಿಲದಾಗ ಬಿಲ್ಲಾ ಬಿಚ್ಚಿ ಇಟ್ಟಾಗಲೇ ಕಾಲು ಹೋಗಿತ್ತು. ಮಗನ ಮುಂದ ಅದೊಂದು ಹೇಳಲಾರದ ಬೈದು ಕೂತಿದ್ದ. ನನಗ ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಬಂತು ಗೊತ್ತಿಲ್ಲ.

ಅನಿಲ ಅವನ ಬಾಜೂ ಬಗ್ಗಿದ. ತಿರುಗಿ ಬೆನ್ನು ಕೊಟ್ಟು ಕೂತ, ಅಪ್ಪನ ಎರಡೂ ಕೈ ತನ್ನ ಹೆಗಲ ಮ್ಯಾಲೆ ಎಳಕೊಂಡ. ಅಪ್ಪ ಅವನ ಕಿವ್ಯಾಗ ಅಂದ, "ನಡಾ ಬಗ್ಗಸಬ್ಯಾಡ. ಮೊಳಕಾಲ ಮ್ಯಾಲೆ ಏಳು. ಉಸುರು ಬಿಗಿ ಹಿಡಿ." ಅನಿಲ ಎದ್ದ. "ಪಾಸ್ಟರ್ರಿ, ಮೀಕಾಯೇಲ ಸೈತಾನನ್ನ ಹೊತ್ತುಕೊಂಡು ಹೋಗ್ಲಾಕ ಹತ್ತ್ಯಾನ, ಇದು ವೇದದಾಗ ಇಲ್ಲ," ಅಂದ್ಲು ಚಂದ್ರಬಾಯಿ. ಯಾರೂ ಅಕಿ ಕಡೆ ನೋಡಲಿಲ್ಲ. ಮಂದಿ ಎರಡು ಕಡೆ ಸರದು ದಾರಿ ಬಿಟ್ರು. ಏಳು ತಲಿ ಅಲುಗಾಡ್ತ ಹೊಂಟವು, ಹಿಂದ ಅವ್ವ ಓಡಿ ಬಂದು ನೆಲಕ್ಕ ಎಳೀತಿದ್ದ ಬಾಲ ಎತ್ತಿ ಹಿಡದ್ಲು. ನಾನೂ ಕಂಬಳಿ ಒಗದು ಅವರ ಹಿಂದ ಓಡಿದೆ.

ಹಾಲಿನ ಹೊರಗ ಎಂಟು ಮೆಟ್ಟಲ, ಕೆಳಗ ರಿಕ್ಷಾ. ಅನಿಲ ಒಂದೊಂದೇ ಇಳೀತಿದ್ದ, ಅಪ್ಪ ಬಾಯಿ ಮುಚ್ಚಲಿಲ್ಲ. ಎಂಟು ತಿಂಗಳಿಂದು ಎಲ್ಲಾ ಒಮ್ಮೆಲೇ ಬಂತು. ಬಿಲ್ಲಾ ನಾಳೆ ವಾಪಸ್ ಕೊಟ್ಟು ಬರ್ತೀನಿ ಅಂದ. ನೀ ನಿನ್ನ ಫ್ರಿಜ್ ನೋಡಿಕೊ ಅಂದ. ಆಮ್ಯಾಲೆ ಅಂದ, "ಒಂದು ಚೀಲ ಐವತ್ತು ಕಿಲೊ ಇರ್ತದ. ನಾ ಎಪ್ಪತ್ತೆರಡು ಅದೀನಿ. ಆ ಆರು ತಲಿದು ಬ್ಯಾರೆ."

ಅನಿಲ ಅವನ್ನ ಬೆನ್ನ ಮ್ಯಾಲೆ ಸರಿಯಾಗಿ ಏರಿಸಿಕೊಂಡು, ಕನ್ನಡದಾಗ ಅಂದ, "ಸುಮ್ನ ಕೂಡಪ್ಪ, ಇನ್ನಾ ಮೂರು ಮೆಟ್ಟಲ ಅವ."