ನನ್ನನ್ನು ಫೇಲ್ ಮಾಡಿ

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಪ್ರಿನ್ಸಿಪಾಲ್ ಅನುರಾಧಾ ಮೇಡಂ ಕ್ಲಾಸಿಗೆ ಬಂದು ಹಿಂದಿಯಲ್ಲಿ ಒಂದೇ ಮಾತು ಹೇಳಿದರು. ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂದು ಪರೀಕ್ಷಕರು ಕೇಳಿದರೆ, ನಿಯಮದಲ್ಲಿರುವಂತೆ ಇಪ್ಪತ್ತು ಅನ್ನಬೇಕು, ಒಂದು ಕಡಿಮೆಯೂ ಅಲ್ಲ, ಒಂದು ಹೆಚ್ಚೂ ಅಲ್ಲ. "ಬೀಸ್ ಬೋಲ್ನಾ. ನ ಉನ್ನೀಸ್, ನ ಇಕ್ಕೀಸ್." ಹುಡುಗಿಯರೆಲ್ಲ ನಕ್ಕರು. ಶಿವಕುಮಾರಿ ನಗಲಿಲ್ಲ.

ಇಂಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಜೋಗೇಶ್ವರಿಯ ಚಾಳಿಗೆ ಬಂದವಳು ಅವಳು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಹಟ ಹಿಡಿದು, ಹೆರಿಗೆ ಮಾಡಿಸುವ ನರ್ಸಾಗಲು ಎರಡು ವರ್ಷದ ಕೋರ್ಸಿಗೆ ಸೇರಿದ್ದಳು. ಬೆಳಿಗ್ಗೆ ನೀರು ಹಿಡಿದು, ರೊಟ್ಟಿ ಬಡಿದು, ಗಂಡ ಶ್ರೀಶೈಲನ ಡಬ್ಬಿ ಕಟ್ಟಿ, ಅತ್ತೆ ಗಂಗುಬಾಯಿಯ ಮಂಡಿಗೆ ಎಣ್ಣೆ ತಿಕ್ಕಿ ಲೋಕಲ್ ರೈಲು ಹಿಡಿಯುತ್ತಿದ್ದಳು. ಕಾಲೇಜಿನ ಆಸ್ಪತ್ರೆಯಲ್ಲಿ ಅವಳಿಗೆ ಕಾದಿರುತ್ತಿದ್ದದ್ದೂ ಅದೇ: ಹಾಸಿಗೆ ಬಟ್ಟೆ ಮಡಚುವುದು, ಟ್ರೇ ತೊಳೆಯುವುದು, ದೊಡ್ಡ ಸಿಸ್ಟರ್‌ಗಳಿಗೆ ಚಹಾ ತರುವುದು. ಮನೆಯಲ್ಲಿ ಸೊಸೆ, ವಾರ್ಡಿನಲ್ಲೂ ಸೊಸೆ. ಬಟ್ಟೆ ಮಡಚುವುದು ಕೀಳು ಕೆಲಸವೇನಲ್ಲ. ಆದರೆ ಅದನ್ನು ಕಲಿಯಲು ಯಾವ ಹೆಂಗಸೂ ಕಾಲೇಜಿಗೆ ಹೋಗಬೇಕಿಲ್ಲ. ಹೆರಿಗೆ ಕೋಣೆಗೆ ಬಿಟ್ಟಾಗಲೂ ಹುಡುಗಿಯರನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದರು. ಅಲ್ಲಿಂದ ಕಾಣುತ್ತಿದ್ದದ್ದು ಡಾಕ್ಟರರ ಬೆನ್ನು.

ಪಾಸಾದರೆ ನಾಲಾಸೋಪಾರಾದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಕಾದಿತ್ತು. ಅಲ್ಲಿ ಡಾಕ್ಟರ್ ಇರುವುದು ಫೋನಿನಲ್ಲಿ. ಹೆರುವವಳ ಹತ್ತಿರ ಇರುವ ಕೈಗಳು ಶಿವಕುಮಾರಿಯವು.

ಮರುದಿನ ಹೊರಗಿನಿಂದ ಬಂದ ಪರೀಕ್ಷಕಿ ಅವಳ ಮುಂದೆ ರಬ್ಬರಿನ ಬೊಂಬೆ ಇಟ್ಟು, ಮರಾಠಿಯಲ್ಲಿ ಅದೇ ಪ್ರಶ್ನೆ ಕೇಳಿದರು.

"ಏಕ್ ಪಣ್ ನಾಹೀ, ಮ್ಯಾಡಂ," ಎಂದಳು ಶಿವಕುಮಾರಿ. ಒಂದೂ ಇಲ್ಲ.

ಪಕ್ಕದಲ್ಲೇ ನಿಂತಿದ್ದ ಅನುರಾಧಾ ಮೇಡಂ, ಪರೀಕ್ಷಕಿಗೆ ತಿಳಿಯಬಾರದೆಂದು, ನಗುಮುಖದಲ್ಲೇ ಕನ್ನಡಕ್ಕೆ ಹೊರಳಿದರು. "ಹುಚ್ಚು ಹಿಡದೈತೇನ ನಿನಗ? ನಮ್ಮ ಕಡೀಯಾಕಿ ಅಂತ ಹೇಳಾಕತ್ತೀನಿ, ಸುಮ್ನ ಇಪ್ಪತ್ತು ಅನ್ನು."

ಧಾರವಾಡದ ಮೇಡಂ ಎರಡು ವರ್ಷದಲ್ಲಿ ಅವಳೊಂದಿಗೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ಹಳ್ಳಿಯ ಈ ಹುಡುಗಿ ಹಿಂದಿಯಲ್ಲಿ ತಡವರಿಸುವಾಗ ಮೇಡಂ ಬಾಯಿಗೆ ಬಾರದಿದ್ದ ಭಾಷೆ ಈಗ ಬಂದಿತ್ತು. ಶಿವಕುಮಾರಿ ಮರಾಠಿಯಲ್ಲೇ ಉತ್ತರಿಸಿದಳು, ಕೋಣೆಯಲ್ಲಿದ್ದವರಿಗೆಲ್ಲ ತಿಳಿಯುವಂತೆ: "ಇಪ್ಪತ್ತು ಅನ್ನು ಅಂತ ಮೇಡಂ ಹೇಳ್ತಿದ್ದಾರೆ. ನಾನು ಒಂದು ಮಗುವನ್ನೂ ಕೈಯಲ್ಲಿ ಹಿಡಿದಿಲ್ಲ."

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿಕೊಂಡರು. ಥಿಯರಿ ಚೆನ್ನಾಗಿದೆ, ಪಾಸು ಮಾಡುತ್ತೇನೆ, ಕೆಲಸಕ್ಕೆ ಸೇರಿದ ಮೇಲೆ ಕೈ ಪಳಗುತ್ತದೆ ಎಂದರು.

"ಯಾರ ಮೈಮೇಲೆ ಪಳಗಲಿ?" ಎಂದಳು ಶಿವಕುಮಾರಿ. "ನನ್ನನ್ನು ಫೇಲ್ ಮಾಡಿ."

ಫೇಲಾದಳು, ಇಡೀ ಬ್ಯಾಚಿನಲ್ಲಿ ಅವಳೊಬ್ಬಳೇ. ಮರುಪರೀಕ್ಷೆ ಆರು ತಿಂಗಳ ನಂತರ; ಅಷ್ಟರಲ್ಲಿ ರಾತ್ರಿ ಪಾಳಿಯಲ್ಲೂ ನಿಂತು ಹೆರಿಗೆ ಕಲಿಯುವುದೆಂದು ನಿಶ್ಚಯಿಸಿದಳು.

ಮನೆಯಲ್ಲಿ ಗಂಗುಬಾಯಿ ನೆರೆಯವರಿಗೆ ಕೇಳಿಸುವಂತೆ ಅಂದಳು: "ಮಂದಿ ಪಾಸಾಗಾಕ ದೇವರಿಗೆ ಬೇಡ್ಕೋತಾರ. ನಮ್ಮನೀ ಸೊಸಿ ನಾಪಾಸ್ ಮಾಡ್ರಿ ಅಂತ ಕಾಲ್ ಬಿದ್ದಾಳ."

"ಕಾಲ್ ಬಿದ್ದಿಲ್ಲ ಅತ್ತಿ. ನಿಂತ ಹೇಳೀನಿ."

"ಇನ್ನಾ ಆರ್ ತಿಂಗಳಾ?" ಎಂದ ಶ್ರೀಶೈಲ. "ಈಗ ಮತ್ತ ನೈಟ್ ಡ್ಯೂಟೀನೂ ಅಂತಿ. ರೊಟ್ಟಿ ಯಾರ್ ಮಾಡ್ತಾರ?"

"ಹಿಟ್ಟು ಡಬ್ಬ್ಯಾಗೈತ್ರಿ. ಕೈ ನಿಮಗೂ ಎರಡ ಅದಾವ."

ಅವನು ಎರಡು ದಿನ ಹೊರಗೇ ಉಂಡು ಬಂದ. ಮೂರನೆಯ ದಿನ ವಡಾಪಾವ್ ತಂದ. ರೊಟ್ಟಿ ಮಾತ್ರ ಬಡಿಯಲಿಲ್ಲ. ಅವನು ಬಡಿಯುವವರೆಗೆ ತಾನೂ ಬಡಿಯುವುದಿಲ್ಲ ಎಂದು ಅವಳು ಹಿಟ್ಟು ನಾದುವ ಕೊಣಮಿಗೆಯನ್ನು ತೊಳೆದು ಕವುಚಿಟ್ಟಳು.

ಕಾಲೇಜಿನಲ್ಲಿ ಮೇಡಂ ಅವಳನ್ನು ಮತ್ತೆ ಬಟ್ಟೆ ಕೋಣೆಗೇ ಹಾಕಿದರು. ಶಿವಕುಮಾರಿ ಆಫೀಸಿಗೆ ಹೋದಳು, ಈ ಸಲ ಕನ್ನಡದಲ್ಲೇ ಮಾತಾಡಿದಳು. "ಫೇಲಾದದ್ದು ಹೆರಿಗ್ಯಾಗ್ರಿ ಮೇಡಂ. ಬಟ್ಟಿ ಮಡಚೂದ್ರಾಗ ಅಲ್ಲ. ಹೆರಿಗಿ ಕ್ವಾಣಿಗೆ ಹಾಕ್ರಿ. ಇಲ್ಲಂದ್ರ ಇಪ್ಪತ್ತರ ಲೆಕ್ಕಾ ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳ್ತೀನಿ."

"ಧಮಕಿ ಹಾಕ್ತೀಯಾ?"

"ಹೌದ್ರಿ."

ಸೋಮವಾರ ಹೆರಿಗೆ ಕೋಣೆಯಲ್ಲಿ ಒಬ್ಬಾಕೆ ನೋವು ತಿನ್ನುತ್ತ ಮಂಚದ ಸರಳು ಹಿಡಿದಿದ್ದಳು. ಸಿಸ್ಟರ್ ಅಭ್ಯಾಸಬಲದಿಂದ ಶಿವಕುಮಾರಿಯನ್ನು ಮೊಣಕೈಯಿಂದ ಗೋಡೆಯತ್ತ ತಳ್ಳಿದಳು. "ಪೀಛೆ ಹಟೋ."

ಶಿವಕುಮಾರಿ ಸರಿಯಲಿಲ್ಲ. ಹಿಂದೆ ನಿಂತು ನೋಡಿಯೇ ಫೇಲಾಗಿದ್ದೇನೆ, ಸಿಸ್ಟರ್, ಎಂದು ಹಿಂದಿಯಲ್ಲೇ ಹೇಳಿದಳು.

ಮಂಚದ ಮೇಲಿನವಳು ಇನ್ನೊಮ್ಮೆ ಕೂಗಿದಳು. ಜಗಳಕ್ಕೆ ಹೊತ್ತಿರಲಿಲ್ಲ. ಸಿಸ್ಟರ್ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಶಿವಕುಮಾರಿಯ ಕೈಯನ್ನು ಎಳೆದು ಇಡಬೇಕಾದ ಕಡೆ ಇಟ್ಟು, ಅದರ ಮೇಲೆ ತನ್ನ ಕೈ ಒತ್ತಿದಳು. "ಇಲ್ಲಿ. ಗಟ್ಟಿಯಾಗಿ ಅಲ್ಲ. ಈಗ ಕಾಯಿ."